ಕೀ ಜೇಬಿನಲ್ಲಿದೆ, ‘ಟಿಕ್’ ಅಂದವರು ಯಾರು?

ಮೇಸ್ತ್ರಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿದರು. ಮತ್ತೆ ತಾಗಿಸಿದರು. ಡ್ಯಾಶ್‌ಬೋರ್ಡಿನ ಕೆಳಗೆಲ್ಲೋ ‘ಟಿಕ್’ ಅಂದಿತು. ಇನ್ನೊಮ್ಮೆ ಎತ್ತಿ, ಇನ್ನೊಮ್ಮೆ ತಾಗಿಸಿದರು. ಮತ್ತೆ ‘ಟಿಕ್’.

“ಕೀ ಎಲ್ಲೈತೆ ಸಾರ್?”

ಜೇಬು ಮುಟ್ಟಿ ನೋಡಿಕೊಂಡೆ. ಅಲ್ಲೇ ಇತ್ತು.

“ಕೀ ನಿಮ್ಮ ಜೇಬ್ನಾಗೈತೆ. ಹಂಗಾದ್ರೆ ಒಳಗೆ ಕೂತು ಕೆಲ್ಸ ಮಾಡ್ತಿರೋನು ಯಾರು?”

ಹಿರಿಯೂರಿನ ಹೆದ್ದಾರಿ ಪಕ್ಕದ ಹತ್ತಡಿ ಅಗಲದ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿಸಿಕೊಂಡು ಮೂರು ವಾರವಾಯಿತು. ಈಗಲೂ ಯಾರೇ ಸಿಕ್ಕಲಿ, ಮೊದಲು ಹೇಳುವುದು ಇದನ್ನೇ. ಮನೆಯವರಂತೂ ಈ ಕಥೆ ಶುರುವಾಗುತ್ತಿದ್ದಂತೆ ಎದ್ದು ಒಳಗೆ ಹೋಗುತ್ತಾರೆ.

ನಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿ ಆರು ದಿನ ಗಾಡಿ ಮುಟ್ಟಿರಲಿಲ್ಲ. ಹೊರಡುವ ದಿನ ಕೀ ತಿರುಗಿಸಿದರೆ ಟಕ ಟಕ ಟಕ. ಸೆಲ್ಫ್, ಎಂದರೆ ಸ್ಟಾರ್ಟರ್ ಮೋಟರ್, ಎತ್ತಲೇ ಇಲ್ಲ. ನಾಟಕ ನೋಡಲು ಬಂದಿದ್ದ ನಾಲ್ಕು ಹುಡುಗರು ತಳ್ಳಿಕೊಟ್ಟರು, ಸ್ಟಾರ್ಟ್ ಆಯಿತು. ಹೊಸದುರ್ಗದ ಒಂದು ಅಂಗಡಿಯಲ್ಲಿ “ಬ್ಯಾಟರಿ ಹೋಗಿದೆ” ಅಂದರು. ಹೊಸದು ಹಾಕಿಸಿದೆ. ದಿನಾ ಓಡಿಸುವಷ್ಟು ದಿನ ಗಾಡಿ ಮಗುವಿನಂತಿತ್ತು. ಮುಂದೆ ಹೊಳಲ್ಕೆರೆಯ ನೆಂಟರ ಮನೆಯಲ್ಲಿ ಐದು ದಿನ ನಿಂತದ್ದೇ ತಡ, ಅದೇ ಟಕ ಟಕ. ಅಲ್ಲಿ ಸ್ಟಾರ್ಟರ್ ಮೋಟರನ್ನೇ ಇಳಿಸಿ ಕಾರ್ಬನ್ ಬ್ರಷ್ ಬದಲಿಸಿದರು. ಬಯಲು ಗಣಪತಿಗೆ ಒಂದು ಕಾಯಿಯನ್ನೂ ಒಡೆದು ಬಂದೆ. ಚಿತ್ರದುರ್ಗದಲ್ಲಿ ಸ್ಕ್ಯಾನರ್ ಹಾಕಿ ನೋಡಿದವರು ಪರದೆ ತೋರಿಸಿ, ತೊಂದರೆಯೇನೂ ಇಲ್ಲ ಎಂದು ಸರ್ಟಿಫಿಕೇಟ್ ಕೊಟ್ಟರು. ಅಂದಿನಿಂದ ನನಗೆ ಸ್ಕ್ಯಾನರ್ ಮೇಲೆ ಅಷ್ಟಕ್ಕಷ್ಟೆ. ಹೊರಗಿನವರು ಬಂದು ಮಾಡಿದ ಜೋಡಣೆ ಅದರ ಕಣ್ಣಿಗೆ ಬೀಳುವುದಿಲ್ಲ.

ಹಿರಿಯೂರಿನ ಹೆಸರು ಹೇಳಿದ್ದು ಒಬ್ಬ ಲಾರಿ ಚಾಲಕ. ಬೆಂಗಳೂರು–ಪುಣೆ ಹೆದ್ದಾರಿಯಿಂದ ಬಳ್ಳಾರಿ ದಾರಿ ಕವಲೊಡೆಯುವ ಊರು ಅದು. ಹಗಲು ರಾತ್ರಿ ಲಾರಿ ಹಾಯುವ ಕಡೆ ವೈರಿಂಗ್ ಬಲ್ಲವರು ಇರಲೇಬೇಕಲ್ಲ. ಚಿತ್ರದುರ್ಗದಲ್ಲಿ ತಳ್ಳಿಸಿಕೊಂಡು ಹೊರಟವನು ನಲವತ್ತು ಕಿಲೋಮೀಟರ್ ಎಲ್ಲೂ ಎಂಜಿನ್ ಆರಿಸದೆ ಹೋದೆ. ಅಂಗಡಿ ಮುಂದೆ ಆರಿಸಿ, ಮೇಸ್ತ್ರಿ ಎದುರು ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್! ಡಾಕ್ಟರ ಮುಂದೆ ಕೂತಾಗ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

ಅರವತ್ತು ದಾಟಿದ ಮೇಸ್ತ್ರಿ ನಗಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ. “ತಳ್ಳಿದ್ರೆ ಹತ್ತತೈತಾ?” ಹತ್ತುತ್ತದೆ ಅಂದೆ. “ನಿಂತಾಗ ಮಾತ್ರ ಹಿಂಗಾ, ಓಡಿಸ್ತಿದ್ರೆ ಇಲ್ವಾ?” ಹೌದು ಅಂದೆ. “ಹಂಗಾದ್ರೆ ಎಂಜಿನ್ ಸರಿ, ಪೆಟ್ರೋಲ್ ಸರಿ, ಸೆಲ್ಫೂ ಸರಿ. ಗಾಡಿ ಮಲಗಿದಾಗ ಯಾರೋ ಕುಡೀತವ್ರೆ.”

ಗ್ಲಾಸು ಇಳಿಸಿ ಬಾಗಿಲು ಹಾಕಿದರು, ಒಳಗಿನ ದೀಪ ಆರಲಿ ಎಂದು. ಅವರ ಕೈಯಲ್ಲಿದ್ದ ಆಯುಧವೆಂದರೆ ಟೆಸ್ಟ್ ಲ್ಯಾಂಪ್: ಒಂದು ಪುಟ್ಟ ಬಲ್ಬು, ಎರಡು ವೈರು. ಬಿಚ್ಚಿದ ಮೈನಸ್ ವೈರಿಗೂ ಬ್ಯಾಟರಿಯ ಕಂಬಕ್ಕೂ ನಡುವೆ ಅದನ್ನು ಸಿಕ್ಕಿಸಿ, ಅಂಗೈಯಿಂದ ಬಿಸಿಲು ಮರೆಮಾಡಿ “ನೋಡಿ” ಅಂದರು. ಬಲ್ಬಿನ ತಂತಿ ಊದುಬತ್ತಿಯ ತುದಿಯಷ್ಟು ಕೆಂಪಗಿತ್ತು. ಎಲ್ಲ ಆರಿಸಿದ ಗಾಡಿಯಲ್ಲಿ ಗಡಿಯಾರಕ್ಕೋ ರೇಡಿಯೋಗೋ ಬೇಕಾದ ಚೂರುಪಾರು ಕರೆಂಟಿಗೆ ಅದು ಹಾಗೆ ಕೆಂಪಾಗುವುದಿಲ್ಲವಂತೆ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. ಕೊನೆಯದನ್ನು ಕಿತ್ತರೂ ಆ ಕೆಂಪು ಆರಲಿಲ್ಲ. ಎಂದರೆ ಕರೆಂಟು ಫ್ಯೂಸ್ ಬಾಕ್ಸಿನ ದಾರಿಯಲ್ಲಿ ಹೋಗುತ್ತಲೇ ಇಲ್ಲ. ಯಾರೋ ಮೇಯ್ನ್ ಲೈನಿಗೇ ಕೊಕ್ಕೆ ಹಾಕಿದ್ದಾರೆ, ಹಳ್ಳಿಯ ಕಂಬಕ್ಕೆ ಹಾಕಿದ ಹಾಗೆ. ಆಮೇಲೆ ಬಂದದ್ದೇ ಆ ‘ಟಿಕ್’.

ಸ್ಟಿಯರಿಂಗ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಅಂಗಾತ ಮಲಗಿ, ಕರಿ ಟೇಪು ಸುತ್ತಿದ ಒಂದು ಉಂಡೆಯನ್ನು ಎಳೆದರು. ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕ ಕಪ್ಪು ಡಬ್ಬಿ, ಐದು ಕಾಲು. ರಿಲೇ. ನನ್ನ ಅಂಗೈಗಿಟ್ಟರು. ಎಂಜಿನ್ ಆರಿಸಿ ಗಂಟೆ ಕಳೆದಿತ್ತು. ಡಬ್ಬಿ ಮಾತ್ರ ಆಗಷ್ಟೇ ಇಟ್ಟ ಮೊಟ್ಟೆಯಂತೆ ಬೆಚ್ಚಗಿತ್ತು.

ರಿಲೇ ಅಂದರೆ ಒಂದು ಸ್ವಿಚ್ಚು: ಒಳಗಿನ ಸುರುಳಿಗೆ ಸಣ್ಣ ಕರೆಂಟು ಕೊಟ್ಟರೆ ಅದು ‘ಟಿಕ್’ ಎಂದು ಎಳೆದುಕೊಂಡು ದೊಡ್ಡ ಕರೆಂಟಿನ ದಾರಿಯನ್ನು ಕೂಡಿಸುತ್ತದೆ ಇಲ್ಲವೇ ಬಿಡಿಸುತ್ತದೆ. ಮೇಸ್ತ್ರಿಗೆ ಅದನ್ನು ತಮ್ಮ ಮಾತಿನಲ್ಲೇ ಹೇಳುವ ಆಸೆ. “ಮಾರಿಕಣಿವೆ ನೋಡಿದೀರಲ್ಲ, ಅಷ್ಟು ನೀರು ಬಿಡೋಕೆ ತೂಬು ತಿರುವೋನು ಒಬ್ಬ ಸಾಕಲ್ವಾ?” 1907ರಲ್ಲಿ ಮುಗಿದ, 1933ರ ಮೇಲೆ 89 ವರ್ಷ ಕಾಯಿಸಿ 2022ರಲ್ಲಿ ಕೋಡಿ ಬಿದ್ದ ಆ ಕಟ್ಟೆಯ ಉಪಮೆ ಹಿರಿಯೂರಿನವರ ಬಾಯಲ್ಲಿ ಸದಾ ಸಿದ್ಧವಿರುತ್ತದೆ. ಲೆಕ್ಕ ಸರಿಯೇ. ಸಣ್ಣ ಕಾರಿನ ಸ್ಟಾರ್ಟರ್ ಮೋಟರ್ ನೂರು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ರಿಲೇಯೊಳಗಿನ ಸುರುಳಿಗೆ ಒಂದು ಆಂಪಿಯರಿನ ಏಳನೇ ಒಂದು ಭಾಗ ಸಾಕು.

ಇಲ್ಲಿ ನನ್ನ ಹುಚ್ಚೊಂದಿದೆ, ಸಹಿಸಿಕೊಳ್ಳಬೇಕು. ಆ ಡಬ್ಬಿಯ ಕಾಲುಗಳಿಗೆ 30, 85, 86, 87, 87ಎ ಎಂದು ಅಚ್ಚಾಗಿದೆ. ಐದು ಕಾಲಿಗೆ ಒಂದರಿಂದ ಐದು ಎನ್ನಬಾರದಿತ್ತೇ? ಹುಡುಕುತ್ತಾ ಹೋದರೆ ಇದು ಡಿಐಎನ್ 72552 ಎಂಬ ಜರ್ಮನ್ ಮಾನಕ. ಇಡೀ ವಾಹನವೇ ಒಂದು ಊರು, ಒಂದೊಂದು ತುದಿಗೂ ಸರ್ವೆ ನಂಬರು. 30 ಅಂದರೆ ಬ್ಯಾಟರಿಯಿಂದ ನೇರ ಬರುವುದು, 31 ಅರ್ತ್, 15 ಕೀ ತಿರುಗಿಸಿದ ಮೇಲೆ ಬರುವುದು, 50 ಸ್ಟಾರ್ಟರಿಗೆ ಹೋಗುವುದು. 49 ಇಂಡಿಕೇಟರ್, 53 ವೈಪರ್, 56 ಹೆಡ್‌ಲೈಟ್. 56ಕ್ಕೆ ಮತ್ತೆ ಹಿಸ್ಸಾಗಳು: 56ಎ ಹೈಬೀಮ್, 56ಬಿ ಲೋಬೀಮ್. ಪಹಣಿ ಓದಿ ಬೆಳೆದವರಿಗೆ ಇದು ಕಷ್ಟವೇ ಅಲ್ಲ. ಜರ್ಮನಿಯ ಬಾಷ್ ನೆರವಿನಲ್ಲಿ 1951ರಲ್ಲಿ ಹುಟ್ಟಿದ, ವಾಹನದ ಬಿಡಿಭಾಗ ಮಾಡುವ ಮೈಕೋ ಬೆಂಗಳೂರಿನದೇ. ಈ ನಂಬರುಗಳಿಗೆ ನಾವು ಹೊರಗಿನವರೇನಲ್ಲ. ಮೇಸ್ತ್ರಿ ಇಂಗ್ಲಿಷ್ ಓದಿದವರಲ್ಲ. ಆದರೆ “ಮೂವತ್ತರಿಂದ ಎಂಬತ್ತೇಳಕ್ಕೆ” ಎನ್ನುವಾಗ ಪಕ್ಕದ ಹೊಲದ ಬದು ತೋರಿಸಿದಷ್ಟು ಖಚಿತ.

ಹೆಸರಿನದೂ ಒಂದು ಕಥೆ. ರಿಲೇ ಎಂದರೆ ದಣಿದ ಕುದುರೆ ಬಿಚ್ಚಿ ತಾಜಾ ಕುದುರೆ ಕಟ್ಟುವುದು. 1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ಇಂಥ ಸಾಧನ ಮಾಡಿದ. ಮುಂದೆ ಟೆಲಿಗ್ರಾಫಿನಲ್ಲಿ ದೂರ ಓಡಿ ಸುಸ್ತಾದ ಸಂಕೇತಕ್ಕೆ ಹೊಸ ಬ್ಯಾಟರಿಯ ಬಲ ಕೊಟ್ಟು ಮುಂದಕ್ಕಟ್ಟಿದ್ದು ಇದೇ. ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆಯೂ ಹೀಗೆ ಕೈಯಿಂದ ಕೈಗೆ ಓಡಿದ್ದೇ ಅಲ್ಲವೇ? ರಿಲೇಗೆ ಕನ್ನಡದಲ್ಲಿ ‘ಅಂಚೆಕೀಲು’ ಎನ್ನಬಹುದಿತ್ತು ಎಂದು ಮೇಸ್ತ್ರಿಗೆ ಹೇಳಿದೆ. “ಅಂಗ್ಡೀಲಿ ಕೇಳಿದ್ರೆ ಸ್ಟಾಂಪ್ ಕೊಡ್ತಾರೆ ಸಾರ್” ಅಂದರು.

ಕಾರಿಗೆ ಈ ಸೆಲ್ಫ್ ಬಂದದ್ದು 1912ರ ಕ್ಯಾಡಿಲಾಕ್‌ನಲ್ಲಿ, ಚಾರ್ಲ್ಸ್ ಕೆಟರಿಂಗ್ ಕೈಯಿಂದ. ಅದಕ್ಕೆ ಮೊದಲು ಹ್ಯಾಂಡಲ್ಲೇ ಗತಿ. ಅದು ತಿರುಗಿ ಒದ್ದರೆ ಹೆಬ್ಬೆರಳು ಮುರಿಯುತ್ತಿತ್ತು. ಮೇಸ್ತ್ರಿ ಹ್ಯಾಂಡಲ್ ಹೊಡೆದು ಕಲಿತವರು. ಈಗಲೂ ಸ್ಪ್ಯಾನರ್ ಹಿಡಿಯುವಾಗ ಅವರ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಕಡೆಗೇ ಇರುತ್ತದೆ.

ಇನ್ನು ನನ್ನ ಗಾಡಿಯ ಕಳ್ಳ. ಹಿಂದಿನ ಮಾಲೀಕರು ಸಾಲದ ಮೇಲೆ ತೆಗೆದುಕೊಂಡ ಕಾರು. ಕಂತು ತಪ್ಪಿದರೆ ದೂರದಿಂದಲೇ ಸ್ಟಾರ್ಟ್ ಆಗದಂತೆ ಮಾಡಲು ಯಾರೋ ಜಿಪಿಎಸ್ ಡಬ್ಬಿಯನ್ನೂ ಅದರ ಜೊತೆಗೆ ಈ ರಿಲೇಯನ್ನೂ ಕೂರಿಸಿದ್ದರು. ಇದರ ಮರ್ಯಾದಸ್ಥ ವಿಧಾನ ಹೀಗೆ: ಸೆಲ್ಫಿಗೆ ಹೋಗುವ ವೈರನ್ನು ಕತ್ತರಿಸಿ 30 ಮತ್ತು 87ಎಗೆ ಕೊಡಬೇಕು. 87ಎ ಸುಮ್ಮನಿದ್ದಾಗ ಕೂಡಿಕೊಂಡೇ ಇರುವ ಕಾಲು. ತಡೆಯಬೇಕಾದಾಗ ಮಾತ್ರ ಸುರುಳಿಗೆ ಕರೆಂಟು. ನಮ್ಮ ಪುಣ್ಯಾತ್ಮ 87ಕ್ಕೆ ಕೊಟ್ಟಿದ್ದ. ಅದು ಸುಮ್ಮನಿದ್ದಾಗ ಬಿಟ್ಟುಕೊಂಡಿರುವ ಕಾಲು. ಗಾಡಿ ಸ್ಟಾರ್ಟ್ ಆಗಲಿಲ್ಲ. ತಪ್ಪು ತಿದ್ದುವ ಬದಲು ಸುರುಳಿಗೆ ಬ್ಯಾಟರಿಯಿಂದ ನೇರ ಲೈನ್ ಎಳೆದು, ಇಪ್ಪತ್ತನಾಲ್ಕು ಗಂಟೆಯೂ ರಿಲೇ ಎತ್ತಿಕೊಂಡೇ ಇರುವಂತೆ ಮಾಡಿದ. ಗಾಡಿ ಸ್ಟಾರ್ಟ್ ಆಯಿತು, ಅವನು ಮನೆಗೆ ಹೋದ. ಮುಂದೆ ಸಾಲ ತೀರಿತು, ಜಿಪಿಎಸ್ ಹೋಯಿತು, ರಿಲೇ ಉಳಿಯಿತು.

ಮೇಸ್ತ್ರಿಯ ಮೀಟರಿನಲ್ಲಿ 0.15 ಆಂಪಿಯರ್ ಬಂತು. ದಿನಕ್ಕೆ 3.6 ಆಂಪಿಯರ್-ಗಂಟೆ. ಸಾಣೇಹಳ್ಳಿಯ ಆರು ದಿನಕ್ಕೆ 21.6. ನನ್ನ ಬ್ಯಾಟರಿ ಇರುವುದೇ 35. ಉಳಿದ ಅಲ್ಪಸ್ವಲ್ಪ ಬಲದಲ್ಲಿ ಸೆಲ್ಫ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಕುಸಿದಾಗ ರಿಲೇ ಕೈಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಟಕ ಟಕ ಟಕ. ಬ್ಯಾಟರಿ ಬದಲಿಸಿದವರೂ ಬ್ರಷ್ ಬದಲಿಸಿದವರೂ ಸುಳ್ಳು ಹೇಳಿರಲಿಲ್ಲ, ಸದ್ದು ಬಂದ ಕಡೆ ಕಿವಿ ಕೊಟ್ಟಿರಲಿಲ್ಲ ಅಷ್ಟೆ. ಸ್ಟಾರ್ಟರಿನ ಸದ್ದು ಬಾನೆಟ್ ಕೆಳಗಿಂದ ಬರಬೇಕು. ನನ್ನದು ಮೊಣಕಾಲ ಹತ್ತಿರದಿಂದಲೂ ಬರುತ್ತಿತ್ತು. ಮೂರು ಊರು ತಿರುಗಿದರೂ ನನಗೇ ಅದು ಹೊಳೆದಿರಲಿಲ್ಲ.

ಕತ್ತರಿಸಿದ ಎರಡು ತುದಿ ಸೇರಿಸಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿದರು. ಕಳ್ಳ ಲೈನನ್ನು ಬುಡದಲ್ಲೇ ಕಿತ್ತರು. ಟೆಸ್ಟ್ ಲ್ಯಾಂಪಿನ ಕೆಂಪು ಆರಿತು. ತೆಗೆದುಕೊಂಡದ್ದು ನಾನೂರು ರೂಪಾಯಿ. ಹೊಸ ಸಾಮಾನು ಏನೂ ಹಾಕಲಿಲ್ಲ, ಒಂದು ಸಾಮಾನು ತೆಗೆದರು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಒಂದು ಕೆಲಸ ಮಾಡಿ. ಗಾಡಿ ನಿಲ್ಲಿಸಿ, ಕೀ ತೆಗೆದು, ಊಟ ಮುಗಿಸಿ ಬಂದು, ಸ್ಟಿಯರಿಂಗ್ ಕೆಳಗೆ ಕೈ ಹಾಕಿ ತಡವಿ. ಟೇಪು ಸುತ್ತಿದ ಡಬ್ಬಿಯೊಂದು ಬೆಚ್ಚಗೆ ಸಿಕ್ಕರೆ ಬ್ಯಾಟರಿ ಅಂಗಡಿಗೆ ಹೋಗಬೇಡಿ, ವೈರಿಂಗ್ ಮೇಸ್ತ್ರಿಯ ಹತ್ತಿರ ಹೋಗಿ.