ಸೂರು, ತಕ್ಕಡಿ, ಒಂದು ಕಾಯ್ದೆ

ಹೊಸ ಎಕ್ಸ್‌ಪ್ರೆಸ್‌ವೇ ಬಂದಮೇಲೆ ಬೆಂಗಳೂರು–ಮೈಸೂರು ನಡುವೆ ಓಡಾಡುವವರಿಗೆ ರಾಮನಗರ ಕಾಣಿಸುವುದೇ ಅಪರೂಪ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಬೇಕಾದವರು ಹಳೆಯ ಬಿ.ಎಂ. ರಸ್ತೆಯನ್ನೇ ಹಿಡಿಯಬೇಕು. ವಿಳಾಸ ಕೇಳುವ ಪ್ರಮೇಯ ಬರುವುದಿಲ್ಲ. ಬೆಳಗಿನ ಹೊತ್ತು ಯಾವ ಗೇಟಿನ ಮುಂದೆ ಟಾಟಾ ಏಸ್‌ಗಳೂ ಗೂಡ್ಸ್ ಆಟೊಗಳೂ ಮೂತಿಗೆ ಮೂತಿ ತಾಗಿಸಿ ನಿಂತಿರುತ್ತವೋ, ಎಲ್ಲಿಂದ ಹಸಿ ಹುಳದ ವಾಸನೆ ರಸ್ತೆಯವರೆಗೂ ಬರುತ್ತದೋ, ಅದೇ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ‘ಶೋಲೆ’ ಚಿತ್ರ ತೆಗೆದ ಬೆಟ್ಟ ನೋಡಲು ಬರುವವರ ಪಟ್ಟಿಯಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ.

ಒಳಗೆ ಉದ್ದನೆಯ ಶೆಡ್ಡು, ಸಾಲು ಸಾಲು ಜಾಲರಿ ತಟ್ಟೆಗಳು, ಅವುಗಳ ತುಂಬ ಸುರಿದ ಗೂಡು. ಬಿಳಿ ರಾಶಿಗಳು ಬೈವೋಲ್ಟೈನ್, ಇಲಾಖೆಯ ಭಾಷೆಯಲ್ಲಿ ದ್ವಿತಳಿ. ತಿಳಿಹಸಿರು ಬೆರೆತ ಹಳದಿ ರಾಶಿಗಳು ಸಿ.ಬಿ., ಅಂದರೆ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿ. ಪ್ರತಿ ರಾಶಿಗೂ ಒಂದು ಲಾಟ್ ನಂಬರು, ಪ್ರತಿ ನಂಬರಿನ ಪಕ್ಕದಲ್ಲೂ ರಾತ್ರಿ ನಿದ್ದೆಗೆಟ್ಟ ಒಬ್ಬ ರೈತ. ಕನಕಪುರ, ಮಳವಳ್ಳಿ, ಮಾಗಡಿ ಕಡೆಯವರು ಇದ್ದೇ ಇರುತ್ತಾರೆ; ಆಂಧ್ರದಿಂದ, ತಮಿಳುನಾಡಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರೂ ಉಂಟು.

ಕೊಳ್ಳುವವರು ರೀಲರುಗಳು, ನೂಲು ಬಿಚ್ಚುವವರು. ರಾಮನಗರದಲ್ಲಿ ಇವರಲ್ಲಿ ಬಹುಪಾಲು ಮುಸ್ಲಿಮರು. ರೈತರು ಅವರನ್ನು ‘ಸಾಬ್ರೇ’ ಎನ್ನುತ್ತಾರೆ, ಅವರು ಇವರನ್ನು ‘ಗೌಡ್ರೇ’ ಎನ್ನುತ್ತಾರೆ. ಜಾತಿ ವಿಚಾರಿಸಿ ಹಾಗೆನ್ನುವುದಲ್ಲ. ಗೂಡು ತಂದವನೆಲ್ಲ ಇಲ್ಲಿ ಗೌಡ್ರೇ. ರೀಲರು ರಾಶಿಯೊಳಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ. ಮೇಲಿನದನ್ನು ಯಾರೂ ನಂಬುವುದಿಲ್ಲ. ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳ ಹೇಗೆ ಸದ್ದು ಮಾಡುತ್ತದೆಂದು ಕೇಳುತ್ತಾನೆ, ಬೆರಳಲ್ಲಿ ಒತ್ತಿ ಗಟ್ಟಿತನ ನೋಡುತ್ತಾನೆ, ಕಲೆ ಬಿದ್ದದ್ದು, ಉಜಿ ನೊಣ ಕೊರೆದದ್ದು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಎಂದು ಕಣ್ಣಳತೆಯಲ್ಲೇ ಲೆಕ್ಕ ಹಾಕುತ್ತಾನೆ. ಅವನ ಮನಸ್ಸಿನಲ್ಲಿ ಓಡುತ್ತಿರುವುದು ಒಂದೇ ಪ್ರಶ್ನೆ: ಒಂದು ಕಿಲೋ ನೂಲಿಗೆ ಈ ಗೂಡು ಎಷ್ಟು ಕಿಲೋ ಬೇಕಾದೀತು? ಒಳ್ಳೆಯ ದ್ವಿತಳಿಯಾದರೆ ಆರರ ಆಸುಪಾಸು, ಮಿಶ್ರತಳಿಗೆ ಏಳೆಂಟು. ಅರ್ಧ ಕಿಲೋ ತಪ್ಪಿದರೂ ಲಾಭವೆಲ್ಲ ಕುದಿಯುವ ನೀರಿಗೆ ಹೋದಂತೆ.

ಹಿಂದೆ ಹರಾಜು ಕೂಗಿ ಕೂಗಿ ನಡೆಯುತ್ತಿತ್ತು. ಈಗ ಇ-ಹರಾಜು. ರೀಲರುಗಳು ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ, ಹೆಚ್ಚಿನ ಬೆಲೆ ಪರದೆಯ ಮೇಲೆ ಬೀಳುತ್ತದೆ. ಸದ್ದು ಕಡಿಮೆಯಾಗಿದೆ, ತವಕ ಕಡಿಮೆಯಾಗಿಲ್ಲ. ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು, ಮುಂದಿನ ಸುತ್ತಿಗೆ ಕಾಯಬಹುದು. ಒಪ್ಪಿದ ಮೇಲಷ್ಟೇ ತೂಕ. ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ.

‘ಬೇಡ’ ಎನ್ನುವ ಈ ಸ್ವಾತಂತ್ರ್ಯ ಎಷ್ಟು ದೊಡ್ಡದು ಎಂಬುದು ಹುಳದ ಲೆಕ್ಕ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುತ್ತದೆ. ಮೊಟ್ಟೆಯೊಡೆದ ಹುಳ ಇಪ್ಪತ್ತೈದು ದಿನದ ಆಚೀಚೆ ಸೊಪ್ಪು ಮೇಯುತ್ತದೆ. ಹಣ್ಣಾದ ಹುಳವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಆಮೇಲೆ ಗೂಡು ಬಿಡಿಸಿದ ಕ್ಷಣದಿಂದ ಗಡಿಯಾರ ರೈತನ ವಿರುದ್ಧ ಓಡತೊಡಗುತ್ತದೆ. ಕೆಲವೇ ದಿನಗಳಲ್ಲಿ ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಸಲೀಸಾಗಿ ಬಿಚ್ಚಲಾಗದು. ರಾಗಿಯನ್ನು ಕಣಜದಲ್ಲಿಟ್ಟು ಬೆಲೆ ಏರಲೆಂದು ಕಾಯಬಹುದು, ಗೂಡಿಗೆ ಆ ಭಾಗ್ಯವಿಲ್ಲ. ಕೊಳ್ಳುವವನೊಬ್ಬನೇ ಇದ್ದು, ತಕ್ಕಡಿಯೂ ಅವನದೇ ಆಗಿದ್ದರೆ ಬೆಳೆಗಾರ ಮಾಡುವುದಾದರೂ ಏನು? ಹಳ್ಳಿಗೇ ಬಂದು, ಮೊದಲೇ ಸಾಲ ಕೊಟ್ಟು, ಹೇಳಿದ ಬೆಲೆಗೆ ಗೂಡು ಒಯ್ಯುವ ವ್ಯವಹಾರ ಹುಟ್ಟುವುದು ಇಂಥ ಕಡೆಯೇ.

ಅದನ್ನು ಮುರಿದದ್ದು 1959ರ ಕಾಯ್ದೆ. ರೇಷ್ಮೆ ಮೊಟ್ಟೆ, ಗೂಡು, ನೂಲು ಮೂರರ ಉತ್ಪಾದನೆ, ಹಂಚಿಕೆ, ಮಾರಾಟವನ್ನು ಸರ್ಕಾರದ ಹಿಡಿತಕ್ಕೆ ತಂದ ಕಾಯ್ದೆ ಅದು. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು, ಕೊಳ್ಳುವವನಿಗೆ ಪರವಾನಗಿ ಇರಬೇಕು. ನೂಲಿನ ಬೆಲೆ ಕುಸಿದಾಗ ಮಾರುಕಟ್ಟೆಗಿಳಿದು ಕೊಳ್ಳಲು ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ 1979ರಲ್ಲಿ ಹುಟ್ಟಿತು. ಮರುವರ್ಷ ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಬಂತು. 1991ರಿಂದ ಜಪಾನಿನ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಕೂತು ನಮ್ಮ ಸೆಕೆ ತಡೆಯುವ ದ್ವಿತಳಿಗಾಗಿ ದುಡಿದರು. ಅದರ ಫಲವೇ ಸಿ.ಎಸ್.ಆರ್. ತಳಿಗಳು, ಅಂದರೆ ಇಲ್ಲಿ ರಾಶಿ ಬಿದ್ದಿರುವ ಈ ಬಿಳಿ ಗೂಡು. ಹಿಪ್ಪುನೇರಳೆಯಲ್ಲೂ ವಿ-1 ಎಂಬ ಹೊಸ ತಳಿ ಬಂದು ಎಕರೆಗೆ ಸಿಗುವ ಸೊಪ್ಪು ಹೆಚ್ಚಿತು.

ಕೈಗಾರಿಕಾ ನೀತಿ ಎಂದಾಕ್ಷಣ ನಮಗೆ ನೆನಪಾಗುವುದು ಹೂಡಿಕೆದಾರರ ಸಮಾವೇಶ, ಎಕರೆಗಟ್ಟಲೆ ಜಮೀನು, ತೆರಿಗೆ ವಿನಾಯಿತಿ. ಇಲ್ಲಿ ಅದು ಒಂದು ಸೂರು, ಒಂದು ತಕ್ಕಡಿ, ಒಂದು ಕಡ್ಡಾಯ. ಮಾರುಕಟ್ಟೆಯನ್ನು ಮುಕ್ತವಾಗಿ ಬಿಡಬೇಕು ಎನ್ನುವವರು ಒಂದು ಬೆಳಿಗ್ಗೆ ಇಲ್ಲಿ ಬಂದು ನಿಲ್ಲಬೇಕು. ಕಡ್ಡಾಯವಿದ್ದದ್ದರಿಂದಲೇ ನೂರಾರು ಕೊಳ್ಳುವವರು ಒಂದೇ ಸೂರಿನಡಿ ಸೇರಿದ್ದಾರೆ, ನಿಜವಾದ ಪೈಪೋಟಿ ಹುಟ್ಟಿದೆ. ಇದು ಇಲಾಖೆಯನ್ನು ಹೊಗಳುವ ಮಾತಲ್ಲ. ಶೌಚಾಲಯದ ಸ್ಥಿತಿ, ಕುಡಿಯುವ ನೀರು, ದೂರದಿಂದ ಬಂದವರಿಗೆ ತಲೆಯಿಡಲು ಜಾಗ, ಇವುಗಳ ಬಗ್ಗೆ ರೈತರನ್ನು ಕೇಳಿದರೆ ಅರ್ಧ ಗಂಟೆಯಾದರೂ ಮಾತು ಮುಗಿಯುವುದಿಲ್ಲ.

ಬಡತನಕ್ಕೂ ಇದಕ್ಕೂ ಏನು ಸಂಬಂಧ? ರೇಷ್ಮೆ ಸೀರೆಯ ಬೆಲೆಯಲ್ಲಿ ರೂಪಾಯಿಗೆ ಐವತ್ತೇಳು ಪೈಸೆಯಷ್ಟು ಗೂಡು ಬೆಳೆದವರಿಗೆ ಮರಳುತ್ತದೆ ಎಂಬುದು ಕೇಂದ್ರ ರೇಷ್ಮೆ ಮಂಡಳಿಯ ವಲಯದಲ್ಲಿ ಲಾಗಾಯ್ತಿನಿಂದ ಹೇಳಿಕೊಂಡು ಬಂದ ಲೆಕ್ಕ. ದೇಶದಲ್ಲಿ 90 ಲಕ್ಷಕ್ಕೂ ಹೆಚ್ಚು ಜನರಿಗೆ ರೇಷ್ಮೆ ಕೆಲಸ ಕೊಟ್ಟಿದೆ ಎನ್ನುವುದೂ ಅವರದೇ ಮಾತು. 2023–24ರಲ್ಲಿ ಭಾರತ ತೆಗೆದ ಕಚ್ಚಾ ರೇಷ್ಮೆ 38,913 ಟನ್, ಅದರಲ್ಲಿ ಕರ್ನಾಟಕದ್ದು 12,463 ಟನ್. ಅಂಕಿಗಳಿರಲಿ, ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಬೇರೆ. ಅರ್ಧ ಎಕರೆ, ಒಂದು ಎಕರೆ ಇರುವವನಿಗೂ ಈ ಬೆಳೆಯಲ್ಲಿ ವರ್ಷಕ್ಕೆ ನಾಲ್ಕೈದು ಸಲ ಕೈಗೆ ಕಾಸು ಬರುತ್ತದೆ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾದ ಮಂಡ್ಯ ಸೀಮೆಯವರಿಗೆ ಇದರ ರುಚಿ ಗೊತ್ತು. ಸೊಪ್ಪು ಕೊಯ್ಯುವುದು, ಹುಳ ಮೇಯಿಸುವುದು, ಹಿಕ್ಕೆ ತೆಗೆಯುವುದು, ಗೂಡು ಬಿಡಿಸುವುದು ಬಹುತೇಕ ಹೆಂಗಸರ ಕೆಲಸ. ಆದರೆ ಲಾಟ್ ನಂಬರಿನ ಪಕ್ಕ ಕೂತವರಲ್ಲಿ ಹೆಂಗಸರನ್ನು ಹುಡುಕಿ ನೋಡಿ. ಹೊಲವೂ ಖಾತೆಯೂ ಯಾರ ಹೆಸರಿನಲ್ಲಿವೆಯೋ ದುಡ್ಡೂ ಅವರದೇ. ಇನ್ನೊಂದು ಮಾತು, ಹಿಪ್ಪುನೇರಳೆಗೆ ನೀರು ಬೇಕು. ಬೋರ್‌ವೆಲ್ ಇದ್ದವನಿಗೆ ನೀತಿ ಮೊದಲು ತಲುಪಿತು, ಇಲ್ಲದವನು ಅವನ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ ಹೋದ.

ಇಷ್ಟೆಲ್ಲ ಕಟ್ಟಿದ ವ್ಯವಸ್ಥೆಯನ್ನು ದಿಲ್ಲಿಯ ಒಂದು ಸಾಲು ಹೇಗೆ ಅಲುಗಾಡಿಸಬಲ್ಲದು ಎಂಬುದಕ್ಕೆ 2011 ಸಾಕ್ಷಿ. ಆ ವರ್ಷದ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಕಾರಣವಿರಲಿಲ್ಲ ಎನ್ನಲಾಗದು, ನೇಕಾರರಿಗೆ ಅಗ್ಗದ ನೂಲು ಬೇಕಿತ್ತು, ಮಗ್ಗದ ಮೇಲೆ ಪದೇ ಪದೇ ಕಡಿಯದ ಚೀನಾ ನೂಲೇ ಹಾಸಿಗೆ (ಉದ್ದದ ಎಳೆಗೆ) ವಾಸಿ ಎನ್ನುವುದು ಅವರ ಅನುಭವ. ಆದರೆ ನೇಕಾರನ ಹಿತಕ್ಕೆ ತೆಗೆದ ಬಾಗಿಲಿನಿಂದ ಬೆಳೆಗಾರನ ಬೆಲೆ ಹೊರಗೆ ಹೋಯಿತು. ಗೂಡಿನ ದರ ಕುಸಿಯಿತು, ರೈತರು ರಸ್ತೆಗಿಳಿದರು, ಎಷ್ಟೋ ಮಂದಿ ಹಿಪ್ಪುನೇರಳೆ ತೋಟ ಕಿತ್ತರು. 2013ರಲ್ಲಿ ಸುಂಕ ಶೇ 15 ಆಯಿತು, ನಡುವೆ ಶೇ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಶೇ 15. ಸುಮಾರು ಒಂದು ತಿಂಗಳಲ್ಲಿ ಬೆಳೆ ತೆಗೆಯಬಹುದು, ಸರಿ. ಆದರೆ ತೋಟ ಹಾಕುವುದು, ಹುಳದ ಮನೆ ಕಟ್ಟುವುದು ಹತ್ತಾರು ವರ್ಷದ ನಂಬಿಕೆಯ ಮೇಲೆ. ಸುಂಕ ಹೆಚ್ಚಿರಲಿ, ಕಡಿಮೆಯಿರಲಿ, ಅದು ಹೀಗೆ ಹೊಯ್ದಾಡುವುದೇ ಹೆಚ್ಚಿನ ಕೇಡು ಎಂದು ನನ್ನ ಎಣಿಕೆ.

ಮಧ್ಯಾಹ್ನದ ಹೊತ್ತಿಗೆ ಶೆಡ್ಡು ಖಾಲಿಯಾಗುತ್ತದೆ. ಗೂಡಿನ ಚೀಲಗಳು ಊರೊಳಗಿನ ಗಲ್ಲಿಗಳಿಗೆ ಹೊರಡುತ್ತವೆ. ನಾನೂ ಹಿಂದೆ ಹೋದೆ. ಬಿಚ್ಚಾಣಿಕೆ ಘಟಕವೆಂದರೆ ಹಲವು ಕಡೆ ಮನೆಯ ಹಿಂಬದಿಯ ತಗಡಿನ ಶೀಟಿನ ಕೋಣೆ. ಬಾಗಿಲ ಬಳಿ ಸೌದೆ, ಒಳಗೆ ಹಬೆ. ಗೂಡು ಬೇಯುವ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುವುದಿಲ್ಲ. ಚರಕದಲ್ಲಿ ಒಬ್ಬರು ಗೂಡು ಬೇಯುವ ನೀರಿನಿಂದಲೇ ಎಳೆ ಎತ್ತಿಕೊಟ್ಟರೆ ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸುವುದೇ ಬೇರೆ, ಬಿಚ್ಚುವುದೇ ಬೇರೆ. ಬೇಸಿನ್ನಿನ ಮುಂದೆ ಕೂತ ಹೆಂಗಸು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡುತ್ತಾಳೆ. ಎಳೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಆ ಬೆರಳುಗಳ ಚರ್ಮ ನೆನೆದು ಬಿಳುಚಿ, ಸಂದುಗಳಲ್ಲಿ ಬಿರುಕು ಬಿಟ್ಟಿರುತ್ತದೆ. ದಮ್ಮು, ಕೆಮ್ಮು ಇಲ್ಲಿ ಹೊಸ ಸುದ್ದಿಯಲ್ಲ. ಏನೂ ಪೋಲಾಗುವುದಿಲ್ಲ ಎಂಬುದು ಮಾತ್ರ ನಿಜ. ಬಿಚ್ಚಲಾಗದೆ ಉಳಿದ ಜುಂಗನ್ನು ಕೊಳ್ಳುವವರಿದ್ದಾರೆ, ಬೆಂದ ಹುಳ ಎಣ್ಣೆಗೆ, ಮೀನು ಕೋಳಿಗಳ ಮೇವಿಗೆ ಹೋಗುತ್ತದೆ.

ಈ ಗಲ್ಲಿಗಳಿಗೆ ಒಂದು ಕೆಟ್ಟ ಚರಿತ್ರೆಯೂ ಇದೆ. ಹ್ಯೂಮನ್ ರೈಟ್ಸ್ ವಾಚ್ 1996ರಲ್ಲೂ 2003ರಲ್ಲೂ ಹೊರತಂದ ವರದಿಗಳಲ್ಲಿ ಕರ್ನಾಟಕದ ರೇಷ್ಮೆ ಘಟಕಗಳ ಮಕ್ಕಳ ಜೀತದ ವಿವರಗಳಿವೆ. ಅಪ್ಪ ಅಮ್ಮ ಪಡೆದ ಮುಂಗಡಕ್ಕೆ ಮಕ್ಕಳು ಕುದಿನೀರಿಗೆ ಕೈಯದ್ದುತ್ತಿದ್ದರು, ಹುರಿ ಯಂತ್ರಗಳ ನಡುವೆ ದಿನವಿಡೀ ನಿಲ್ಲುತ್ತಿದ್ದರು. ಅಂದರೆ ಗೂಡಿನ ತಕ್ಕಡಿಯನ್ನು ಸರಿಮಾಡಿದ ಅದೇ ದಶಕಗಳಲ್ಲಿ, ಅದೇ ಊರುಗಳಲ್ಲಿ, ಬೇಸಿನ್ನಿನ ಮುಂದೆ ಯಾರು ಕೂತಿದ್ದಾರೆಂದು ಬಗ್ಗಿ ನೋಡಿದವರು ಕಡಿಮೆ. ಆ ಮೇಲೆ ದಾಳಿಗಳಾದವು, ಶಾಲೆಗೆ ಕರೆತರುವ ಕಾರ್ಯಕ್ರಮಗಳು ನಡೆದವು. ಆದರೆ ಮುಂಗಡದ ಪದ್ಧತಿ ದೊಡ್ಡವರ ಪಾಲಿಗೆ ಇನ್ನೂ ಜೀವಂತ. ಮದುವೆಗೋ ಆಸ್ಪತ್ರೆಗೋ ತೆಗೆದುಕೊಂಡ ಹಣ ತೀರುವ ತನಕ ಬೇರೆ ಘಟಕಕ್ಕೆ ಹೋಗುವಂತಿಲ್ಲ. ಗೂಡು ಮಾರುವವನಿಗೆ ‘ಬೇಡ’ ಎನ್ನುವ ಹಕ್ಕನ್ನು ಕಾಯ್ದೆ ದೊರಕಿಸಿಕೊಟ್ಟಿತು. ದುಡಿಮೆ ಮಾರುವವಳಿಗೆ ಆ ಹಕ್ಕು ಬರಲಿಲ್ಲ. ಅವಳಿಗಾಗಿ ಯಾರೂ ಸೂರು ಕಟ್ಟಲಿಲ್ಲ, ಹರಾಜು ಏರ್ಪಡಿಸಲಿಲ್ಲ. ಉದ್ಯೋಗ ಸೃಷ್ಟಿಯ ಅಂಕಿಯಲ್ಲಿ ಮಾತ್ರ ಅವಳೂ ಒಂದು ತಲೆ.

ರೀಲರನ್ನು ಖಳನಾಯಕನಂತೆ ಚಿತ್ರಿಸುವುದೂ ತಪ್ಪು. ಹಲವರದು ನಾಲ್ಕಾರು ಬೇಸಿನ್ನಿನ ಸಂಸಾರ, ಹೆಂಡತಿ ಮಕ್ಕಳೂ ಅದೇ ಹಬೆಯಲ್ಲಿ. ಸೀರೆಯ ಬೆಲೆಯ ಅದೇ ಲೆಕ್ಕದಲ್ಲಿ ರೀಲರನ ಪಾಲು ರೂಪಾಯಿಗೆ ಏಳು ಪೈಸೆಯಷ್ಟೇ. ಗೂಡನ್ನು ಇಂದಿನ ಬೆಲೆಗೆ ಕೊಳ್ಳಬೇಕು, ನೂಲನ್ನು ನಾಳಿನ ಬೆಲೆಗೆ ಮಾರಬೇಕು. ನಡುವೆ ಏನಾದರೂ ಆದರೆ ಅವನ ಗತಿಯೂ ಮುಂಗಡವೇ.

ಈಗ ಎಲ್ಲರ ಬಾಯಲ್ಲಿರುವುದು ಎ.ಆರ್.ಎಂ., ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ. ಚೀನಾದಿಂದ ಬಂದದ್ದು, ಸರ್ಕಾರದ ಸಹಾಯಧನವಿದೆ. ನಾನೂರು ಎಳೆಗಳ ಸಾಲು ಒಂದೇ ವೇಗದಲ್ಲಿ ಸುತ್ತುತ್ತಿರುತ್ತದೆ, ನೂಲಿನ ದಪ್ಪ ಹೆಚ್ಚುಕಡಿಮೆಯಾದರೆ ಯಂತ್ರಕ್ಕೇ ತಿಳಿಯುತ್ತದೆ, ಹೊಸ ಗೂಡನ್ನು ತಾನೇ ಸೇರಿಸುತ್ತದೆ. ಇದಕ್ಕೆ ಒಳ್ಳೆಯ ದ್ವಿತಳಿ ಗೂಡೇ ಬೇಕು. ಹೊರಬರುವ ನೂಲು ಚೀನಾ ನೂಲಿಗೆ ಸಾಟಿಯಾಗಿ ಪವರ್‌ಲೂಮಿನ ಹಾಸಿಗೆ ನಿಲ್ಲುತ್ತದೆ. ಅಷ್ಟೇ ನೂಲಿಗೆ ಕೈಗಳು ಮಾತ್ರ ಬಹಳ ಕಡಿಮೆ ಸಾಕು. ಕೆಲಸ ಹೋಗುತ್ತದೆ ಎಂದು ಚರಕವನ್ನು ಉಳಿಸಿಕೊಳ್ಳಬೇಕೇ? ನನಗೆ ಹಾಗನ್ನಿಸುವುದಿಲ್ಲ. ಆ ಕುದಿನೀರಿನ ಕೆಲಸವನ್ನು ಪರಂಪರೆ ಎಂದು ಕರೆಯುವವರು ಅದರ ಮುಂದೆ ಒಂದು ತಾಸು ಕೂತು ಬರಲಿ. ಒಳ್ಳೆಯ ನೂಲಿಗೆ ಒಳ್ಳೆಯ ಬೆಲೆ ಬಂದರೆ ದ್ವಿತಳಿ ಬೆಳೆಯುವವರು ಹೆಚ್ಚುತ್ತಾರೆ, ಕೆಲಸ ಹೊಲದಲ್ಲಿ ಹುಟ್ಟುತ್ತದೆ ಎನ್ನುವ ವಾದವೂ ಸರಿಯೇ. ಆದರೆ ಹೊಲದಲ್ಲಿ ಹುಟ್ಟುವ ಕೆಲಸ ಗಲ್ಲಿಯ ಈ ಹೆಂಗಸಿನ ಮನೆಗೆ ಬರುವುದಿಲ್ಲ. ಯಂತ್ರ ಕೊಳ್ಳುವವನಿಗೆ ಸಹಾಯಧನವಿದೆ. ಯಂತ್ರದಿಂದ ಕೆಲಸ ಕಳೆದುಕೊಂಡವಳಿಗೆ ಏನಿದೆ ಎಂದು ಘಟಕವೊಂದರಲ್ಲಿ ಕೇಳಿದೆ. ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಬರುತ್ತದಲ್ಲ ಎಂದರು.

ನೋಡಲು ಹೋಗುವವರಿಗೆ: ಬೆಂಗಳೂರು–ಮೈಸೂರು ನಡುವಿನ ಹಲವು ರೈಲುಗಳು ರಾಮನಗರದಲ್ಲಿ ನಿಲ್ಲುತ್ತವೆ, ಬಸ್ಸುಗಳಿಗೆ ಲೆಕ್ಕವಿಲ್ಲ. ಬೇಗ ಹೋಗಿ, ಹರಾಜು ಮುಗಿದ ಮೇಲೆ ಖಾಲಿ ತಟ್ಟೆ ಬಿಟ್ಟು ಬೇರೇನಿರುವುದಿಲ್ಲ. ರಾಶಿಗೆ ಕೈಹಾಕುವ ಮುನ್ನ ಗೌಡ್ರನ್ನು ಕೇಳಿ. ಮಾರುಕಟ್ಟೆ ನೋಡಿದ್ದಾಯಿತೆಂದು ಅಲ್ಲಿಂದಲೇ ಹಿಂದಿರುಗಬೇಡಿ, ಗೂಡಿನ ಚೀಲ ಹೊತ್ತ ಯಾವುದಾದರೂ ಆಟೊದ ಹಿಂದೆ ಹೋಗಿ ಒಂದು ಬಿಚ್ಚಾಣಿಕೆ ಮನೆಯನ್ನೂ ನೋಡಿ. ಫೋಟೊ ತೆಗೆಯುವುದಾದರೆ ಮಾಲೀಕರನ್ನಷ್ಟೇ ಅಲ್ಲ, ಬೇಸಿನ್ನಿನ ಮುಂದೆ ಕೂತವರನ್ನೂ ಕೇಳಿ.