ಹುಳುವಿನ ಜಾತಿಯನ್ನು ನಿರ್ಣಯಿಸುವ ಕ್ರಮ

ಬೆಳೆಗೆ ಬಿದ್ದ ಹುಳು ಯಾವ ಜಾತಿಯದೆಂದು ಅರಿಯದೆ ಔಷಧಿಯನ್ನು ಸಿಂಪಡಿಸುವುದು, ರೋಗವನ್ನು ತಿಳಿಯದೆ ಮದ್ದು ಕೊಟ್ಟಂತೆಯೇ ಸರಿ. ಹಣವೂ ಹೋಗುವುದು, ಬೆಳೆಯೂ ಉಳಿಯದು. ಆದರೆ ಮೊಟ್ಟೆಗಳನ್ನೂ ಎಳೆಮರಿಗಳನ್ನೂ ಕೇವಲ ನೋಡಿ ಜಾತಿಯನ್ನು ಹೇಳುವುದು ಪರಿಣತರಿಗೂ ಕಷ್ಟ. ಈ ತೊಡಕನ್ನು ನಿವಾರಿಸತಕ್ಕ ಕ್ರಮವೊಂದು ಈಗ ಬಳಕೆಯಲ್ಲಿದೆ. ಇದಕ್ಕೆ ಡಿ.ಎನ್.ಎ. ಬಾರ್‌ಕೋಡ್ ಎಂದು ಹೆಸರು.

ಜೀವಿಗಳ ಕಣಗಳಲ್ಲಿರುವ ಡಿ.ಎನ್.ಎ. ಎಂಬ ದ್ರವ್ಯವು ನಾಲ್ಕೇ ಅಕ್ಷರಗಳಿಂದ ಬರೆದ ದೀರ್ಘವಾದ ಬರವಣಿಗೆಯಂತಿರುವುದು. ಅದರಲ್ಲಿ ಸಿ.ಒ.ಐ. ಎಂಬ ಭಾಗದ ಸುಮಾರು 650 ಅಕ್ಷರಗಳನ್ನು ಓದಿ ಪ್ರಾಣಿಗಳ ಜಾತಿಯನ್ನು ಗುರುತಿಸಬಹುದೆಂದು ಕೆನಡಾ ದೇಶದ ಪಾಲ್ ಹೆಬರ್ಟ್ ಎಂಬ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ 2003ರಲ್ಲಿ ಪ್ರತಿಪಾದಿಸಿದರು. ಒಂದೇ ಜಾತಿಯ ಹುಳುಗಳಲ್ಲಿ ಈ ಭಾಗವು ಬಹುಮಟ್ಟಿಗೆ ಒಂದೇ ಆಗಿರುವುದು, ಅನ್ಯಜಾತಿಗಳಲ್ಲಿ ಭಿನ್ನವಾಗಿರುವುದು. ಮೊಟ್ಟೆಯಾಗಲಿ, ಮರಿಯಾಗಲಿ, ಪತಂಗದ ಮುರಿದ ಕಾಲಾಗಲಿ ಪರೀಕ್ಷೆಗೆ ಸಾಕು.

ಇದರ ಪ್ರಯೋಜನವು ನಮ್ಮ ನಾಡಿನಲ್ಲಿಯೇ ಕಂಡುಬಂದಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕಹುಳುವು ಕಾಣಿಸಿಕೊಂಡಿತು. ಅಮೆರಿಕ ಖಂಡದ ಮೂಲದ ಈ ಕೀಟವು 2016ರಲ್ಲಿ ಆಫ್ರಿಕದಲ್ಲಿ ಕಂಡುಬಂದಿತ್ತು. ಭಾರತದಲ್ಲಿ ಇದೇ ಮೊದಲು. ಬಲಿತ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನಂಥ ಗೆರೆಯೂ, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುವುವು. ಎಳೆಮರಿಗಳಲ್ಲಿ ಇವು ಸ್ಪಷ್ಟವಾಗಿರುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಅದೇ ವರ್ಷ ಡಿ.ಎನ್.ಎ. ಪರೀಕ್ಷೆಯಿಂದಲೂ ಜಾತಿಯನ್ನು ದೃಢಪಡಿಸಿದರು. ಈ ಹುಳುವು ಸುಳಿಯೊಳಗೆ ಅಡಗಿ ತಿನ್ನುವುದರಿಂದ ಔಷಧಿಯು ಸುಳಿಗೇ ಮುಟ್ಟತಕ್ಕದ್ದು. ಹಗಲು ಮಣ್ಣಿನಲ್ಲಿ ಅಡಗುವ ಕತ್ತರಿಹುಳುವಿಗೆ ಈ ಉಪಾಯವು ಸಲ್ಲದು. ಜಾತಿನಿರ್ಣಯದ ಮಹತ್ವವು ಇದರಿಂದ ವ್ಯಕ್ತವಾಗುವುದು.

ಈ ಕ್ರಮಕ್ಕೂ ಮಿತಿಯುಂಟು. ಹೋಲಿಸಿ ನೋಡಲು ಸರಿಯಾಗಿ ಹೆಸರಿಸಿದ ಮಾದರಿಗಳ ದಾಖಲೆ ಮೊದಲೇ ಇರಬೇಕು. ತೀರ ಸಮೀಪದ ಕೆಲವು ಜಾತಿಗಳು ಇದರಿಂದ ಬೇರ್ಪಡುವುದಿಲ್ಲ. ಆದುದರಿಂದ ಕೀಟಶಾಸ್ತ್ರಜ್ಞರ ಕಣ್ಣು ಇಂದಿಗೂ ಅವಶ್ಯಕ.

ಅಪರಿಚಿತವಾದ ಹುಳು ಕಂಡಲ್ಲಿ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಅನುಸರಿಸಬೇಕಾದ ಕ್ರಮಗಳು:

1. ನಾಲ್ಕಾರು ಹುಳುಗಳನ್ನು ಹಿಡಿದು ಸಣ್ಣ ಸೀಸೆಯಲ್ಲಿ ಶೇಕಡ 95ರ ಆಲ್ಕೊಹಾಲಿನಲ್ಲಿ ಮುಳುಗಿಸಿಡತಕ್ಕದ್ದು. ಫಾರ್ಮಲಿನ್ ಕೂಡದು; ಅದು ಡಿ.ಎನ್.ಎ.ಯನ್ನು ಕೆಡಿಸುವುದು.

2. ಊರು, ತಾಲ್ಲೂಕು, ಬೆಳೆ, ದಿನಾಂಕಗಳನ್ನು ಸೀಸದ ಕಡ್ಡಿಯಿಂದ ಚೀಟಿಯಲ್ಲಿ ಬರೆದು ಒಳಗಿಡಬೇಕು. ಶಾಯಿಯ ಬರಹ ಅಳಿಸಿಹೋಗುವುದು.

3. ಸೀಸೆಯನ್ನು ರೈತ ಸಂಪರ್ಕ ಕೇಂದ್ರಕ್ಕಾಗಲಿ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತಲಪಿಸಬೇಕು.

4. ಉತ್ತರ ಬರುವವರೆಗೆ ಸುಮ್ಮನಿರದೆ, ಎಲೆಗಳ ಮೇಲಿನ ಮೊಟ್ಟೆಯ ಗುಂಪುಗಳನ್ನು ಆರಿಸಿ ನಾಶಪಡಿಸಬೇಕು.

ಒಬ್ಬರ ಹೊಲದ ಹುಳು ನಾಳೆ ಊರಿನ ಹುಳುವಾಗುವುದು. ಮೊದಲು ಕಂಡವರು ಮೊದಲು ತಿಳಿಸಿದರೆ ಊರಿಗೇ ಉಪಕಾರ.