ಕೃತಿ ಗೊತ್ತು, ಕರ್ತೃ ಗೊತ್ತು, ಓದಿದ್ದೆಷ್ಟು?

ನಾನು ಧಾರವಾಡದ ಸಪ್ತಾಪುರಕ್ಕೆ ಬಂದು ಎರಡು ವರ್ಷವಾಗಿತ್ತು. ಹಗಲು ಸ್ಪರ್ಧಾತ್ಮಕ ಪರೀಕ್ಷೆಗೆ ಓದು, ಸಂಜೆ ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಓದು ಎಂದರೆ ಗೈಡು, ಹಳೆಯ ಪ್ರಶ್ನೆಪತ್ರಿಕೆ, ಅಷ್ಟೇ.

ಒಂದು ರಾತ್ರಿ ರೂಮ್‌ಮೇಟ್ ಪ್ರಶ್ನೆ ಕೇಳುತ್ತಿದ್ದ.

“ನಾಕುತಂತಿ?”

“ಬೇಂದ್ರೆ. 1973ರ ಜ್ಞಾನಪೀಠ.”

“ವಿದ್ಯಾವರ್ಧಕ ಸಂಘ?”

“1890.”

“ಭಾರಿ ಅದೀ ಬಿಡು. ನಾಕುತಂತಿಯೊಳಗ ಏನೈತಿ ಹೇಳು?”

ನಾನು ಸುಮ್ಮನಾದೆ. ಬೇಂದ್ರೆಯವರ ಸಾಧನಕೇರಿ ನಮ್ಮ ರೂಮಿನಿಂದ ದೂರವೇನಿಲ್ಲ. ನೂರಾರು ಕೃತಿಗಳ ಹೆಸರು ಬಾಯಿಪಾಠವಿತ್ತು; ಒಂದನ್ನೂ ಬಿಚ್ಚಿ ನೋಡಿರಲಿಲ್ಲ.

ಅವನೇ ಸವಾಲು ಹಾಕಿದ. ಐದು ತಿಂಗಳು, ಐದು ಪುಸ್ತಕ: ಕವಿತೆ, ನಾಟಕ, ಲೇಖಕಿಯ ಕಾದಂಬರಿ, ಕಾಡಿನ ಕಥೆ, ದಲಿತ ಆತ್ಮಕಥೆ. ಎಲ್ಲವೂ ನಾನು ಬಾಯಿಪಾಠ ಮಾಡಿದ ಪಟ್ಟಿಯಿಂದಲೇ. ಸೋತರೆ ತಿಂಗಳಿಡೀ ಅವನ ಪಾತ್ರೆ ತೊಳೆಯಬೇಕು.

‘ನಾಕುತಂತಿ’ ಅರ್ಧ ತಿಳಿಯಲಿಲ್ಲ. ಗಟ್ಟಿಯಾಗಿ ಓದಿದಾಗ ಮಾತ್ರ ಬಾಯಿಗೆ ಹತ್ತಿತು. ಇತಿಹಾಸದ ನೋಟ್ಸಿನಲ್ಲಿ ತುಘಲಕ್ ಎಂದರೆ ರಾಜಧಾನಿ ಬದಲಾವಣೆ, ತಾಮ್ರದ ನಾಣ್ಯ, ಎರಡು ಸಾಲು. ಕಾರ್ನಾಡರ ನಾಟಕದಲ್ಲಿ ಅವನು ನಿದ್ದೆ ಬಾರದ ಮನುಷ್ಯ. ತ್ರಿವಳಿ ತಲಾಖ್ ಕಾಯ್ದೆ 2019 ಎಂದು ಬರೆದುಕೊಂಡಿದ್ದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದ ಮೇಲೆ ತಲಾಖ್ ಎಂದರೆ ಅಪ್ಪ, ಗಂಡನ ನಡುವೆ ನಲುಗಿದ ನಾದಿರಾ. ತೇಜಸ್ವಿಯವರ ‘ಕರ್ವಾಲೊ’ ಹಿಡಿದು ಚಿಗರಿ ಬಸ್ಸಿನಲ್ಲಿ ಕೂತಿದ್ದೆ. ಹಾರುವ ಓತಿಯ ಹಿಂದೆ ಹೋಗಿ ನನ್ನ ಸ್ಟಾಪೇ ದಾಟಿಹೋಯಿತು.

ಐದನೆಯದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’. ಅವರು ಮುದ್ದೇಬಿಹಾಳದವರು, ನಮ್ಮ ಸೀಮೆಯವರೇ. ಜಾತಿಯ ಅವಮಾನಗಳನ್ನು ಓದುತ್ತ ಹೋದಂತೆ ನನ್ನ ಶಾಲೆಯ ಗೆಳೆಯನೊಬ್ಬ ನೆನಪಾದ. ಊರ ಚಾದಂಗಡಿಯೊಳಗೆ ಅವನು ಯಾವತ್ತೂ ಕೂತಿರಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ. ರಾತ್ರಿಯೇ ಅಪ್ಪನಿಗೆ ಫೋನು ಮಾಡಿದೆ.

“ಅಪ್ಪಾ, ನಮ್ಮೂರ ಚಾದಂಗಡ್ಯಾಗ ಬ್ಯಾರೆ ಕಪ್ಪು ಇಡತಿದ್ರಲ್ಲ?”

ಸ್ವಲ್ಪ ಹೊತ್ತು ಅಪ್ಪ ಮಾತಾಡಲಿಲ್ಲ. “ಇಡತಿದ್ರು. ನಾವೂ ಸುಮ್ನ ಇದ್ವಿ,” ಎಂದ.

ನಾನು ತಯಾರಿ ನಡೆಸಿದ್ದು ಪಿಡಿಒ ಹುದ್ದೆಗೆ. ಊರ ಪಂಚಾಯ್ತಿ ಕಚೇರಿಯಲ್ಲಿ ಕೂರಲು ಹೊರಟವನಿಗೆ ಊರಿನ ಅರ್ಧವೇ ಗೊತ್ತಿರಲಿಲ್ಲ.

ಪರೀಕ್ಷೆಯಲ್ಲಿ ಈ ಸಲವೂ ನಾಲ್ಕು ಅಂಕ ಕಡಿಮೆ ಬಿದ್ದವು. ಆ ಐದು ಪುಸ್ತಕಗಳಿಂದ ಒಂದು ಪ್ರಶ್ನೆಯೂ ಬಂದಿರಲಿಲ್ಲ! ಆದರೂ ನಿಮ್ಮ ಗೈಡಿನ ಪಟ್ಟಿಯಲ್ಲಿ ಒಂದು ಹೆಸರಿಗೆ ಗುರುತು ಹಾಕಿ, ಆ ಪುಸ್ತಕ ಓದಿ ನೋಡಿ ಎನ್ನುತ್ತೇನೆ.

ಹೋದ ತಿಂಗಳು ಊರಿಗೆ ಹೋದಾಗ ಆ ಗೆಳೆಯನ ಮನೆಯಲ್ಲಿ ಚಹಾ ಕುಡಿದು ಬಂದೆ. ಒಂದನೇ ಇಯತ್ತೆಯಿಂದ ಜೊತೆಗೆ ಕಲಿತವರು ನಾವು. ಅವನ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು.